ಯಾದಿ

ಮೇಲಿನಿಂದ ಸುತ್ತೋಲೆ ಬಂತು. ಸಂಘದ ವ್ಯವಹಾರ
ಗಾಜಿನ ಭರಣಿಯ ಉಪ್ಪಿನಕಾಯಿಯ ಹಾಗೆ
ಹೊರಗಿನಿಂದಲೇ ಕಾಣಬೇಕು, ಅಧ್ಯಕ್ಷರು ಬಿಡಿಸಿ ಹೇಳಿದರು.
ನಾನೇ ಟೈಪು ಮಾಡಿದೆ. ನಾಲ್ಕು ಕಾಲಮ್ಮು:
ಹೆಸರು, ಗಂಡನ ಹೆಸರು, ವಾಸ, ಶಿಲ್ಕು.
ಮೈದಾ ಕುದಿಸಿ ಅಂಟು ಮಾಡಿ
ಬಾಗಿಲ ಮಗ್ಗಲಿನ ಗೋಡೆಗೆ ಹಚ್ಚಿದೆ,
ಸುಕ್ಕು ಏಳದಂತೆ ಅಂಗೈಯಿಂದ ಸವರಿದೆ.
ಒಂದು ಕಾಗುಣಿತವೂ ತಪ್ಪಿರಲಿಲ್ಲ.

ಬ್ಯಾಡಗಿಯಲ್ಲಿ ಮಾರ್ಚ್ ಅಂದರೆ
ಎಮ್ಮೆಗೂ ಸೀನು.
ಮೆಣಸಿನಕಾಯಿ ತುಂಬು ಬಿಡಿಸುವ ಹೆಂಗಸರು
ಸಂಜೆ ಕೂಲಿ ಎಣಿಸಿಕೊಂಡು, ಐವತ್ತೋ ನೂರೋ
ಕಿಂಡಿಯಿಂದ ಒಳಗೆ ತಳ್ಳುವರು.
ಆ ನೋಟು ಮುಟ್ಟಿದ ಕೈ ಕಣ್ಣಿಗೆ ತಾಗಿದರೆ
ರಾತ್ರಿಯ ತನಕ ನಾನು ಅತ್ತವನಂತೆ ಕಾಣುವೆ.

ನಲವತ್ತೇಳನೆಯ ನಂಬರು: ಫಕ್ಕೀರವ್ವ ಓಲೇಕಾರ.
"ಗಂಡನ ಹೆಸರು ಬರೀಲೇಬೇಕೇನ್ರಿ?"
ಖಾತೆ ತೆರೆಯುವಾಗ ಕೇಳಿದ್ದಳು.
ಖಾಲಿ ಬಿಡೂ ಹಂಗಿಲ್ಲವ್ವ, ಅಂದಿದ್ದೆ.
ವಾಸ: ಹಳೇ ಐಸ್ ಫ್ಯಾಕ್ಟರಿ ಹಿಂದೆ, ಗಿರಣಿಯ ಪಕ್ಕ.
ಶಿಲ್ಕು: ಹದಿನೆಂಟು ಸಾವಿರದ ಆರುನೂರ ಹತ್ತು.
ಮೂರು ವರ್ಷ ಅವಳೆಲ್ಲಿದ್ದಾಳೆಂದು
ಸವಣೂರಿನ ಆ ಮನುಷ್ಯನಿಗೆ ಯಾರೂ ಹೇಳಿರಲಿಲ್ಲ.

ಅವನು ಬಂದದ್ದು ನನಗೆ ಗೊತ್ತು. ಬೆರಳಿಟ್ಟು
ಸಾಲು ಸಾಲಾಗಿ ಇಳಿಯುತ್ತಿದ್ದ. ಓದು ಬಾರದವ ಇರಬೇಕು,
ಪಾಪ, ಎಂದುಕೊಂಡು ನಾನೇ ಎದ್ದು ಹೋಗಿ
ಯಾವ ಹೆಸರು ಬೇಕ್ರಿ, ಎಂದೆ.

ಮರುದಿನವಲ್ಲ, ಅದರಾಚೆ ದಿನ ಬಂದಳು.
ಆ ಬಿಸಿಲಲ್ಲೂ ಸೆರಗು ಕಿವಿ ಮುಚ್ಚಿ ಗದ್ದದ ತನಕ.
ಪೂರ್ತಿ ತೆಗೆಯುವ ಚೀಟಿಗೆ ಹೆಬ್ಬೆಟ್ಟು ಒತ್ತಿದಳು,
ತುಂಬು ಮುರಿದು ಮುರಿದು ಗೆರೆಯೇ ಉಳಿಯದ ಹೆಬ್ಬೆಟ್ಟು.
"ಗ್ವಾಡಿಗೆ ಕಿವಿ ಇರ್ತಾವ ಅಂತ ಕೇಳಿದ್ದೆ, ಸಾಹೇಬ್ರ.
ನೀವು ಬಾಯಿನೂ ಹಚ್ಚಿದ್ರಿ."
ಆಮೇಲೆ, ನೋಟಿಗೆ ಕಾಯುತ್ತ:
"ಅಧ್ಯಕ್ಷರ ಸಾಲ ಎಷ್ಟನೇ ಸಾಲಿನ್ಯಾಗ ಐತ್ರಿ?"
ಅದು ಬೇರೆ ಫೈಲು, ಬೀರುವಿನಲ್ಲಿದೆ, ಕೀಲಿ ಅವರ ಹತ್ತಿರ.
ಇಷ್ಟನ್ನೂ ನಾನು ಹೇಳಲಿಲ್ಲ.
ಎರಡು ಸಲ ಎಣಿಸಿ ಕೊಟ್ಟೆ.

ಎಲ್ಲಿಗೆ ಹೊರಟಿ ಎಂದು ಕೇಳಲಿಲ್ಲ.
ಗೊತ್ತಾದರೆ ಎಲ್ಲಾದರೂ ಬರೆಯಬೇಕಾದೀತು.

ರಾತ್ರಿ ಒದ್ದೆ ಅರಿವೆ ಹಿಡಿದು ಕೀಳಲು ಹೋದೆ.
ಮೈದಾ ಅಂಟು ಬಲು ಗಟ್ಟಿ. ಚೂರು ಚೂರಾಗಿ ಬಂತು,
ನಲವತ್ತೇಳು ಮಾತ್ರ ಸುಣ್ಣ ಕಚ್ಚಿ ಕೂತಿತ್ತು.
ಉಗುರಿನಿಂದ ಕೆರೆದೆ.
ನಾಳೆ ತಪಾಸಣೆಯವರು ಕೇಳಿದರೆ
ಇಲಿ ತಿಂತ್ರಿ ಅನ್ನಬೇಕು.
ಹಿಟ್ಟಲ್ಲವೇ, ನಂಬಿಯಾರು.