ನಿಂತದ್ದರ ವೇಗ

ಸಸ್ಕಾಚೆವಾನಿನ ಆ ರಸ್ತೆಗೆ ತಿರುವೆಂಬುದೇ ಇಲ್ಲ.
ಗೆರೆ ಎಳೆಯುತ್ತಿದ್ದವನು ಕೈ ಎತ್ತಲು ಮರೆತಂತೆ
ಹೋಗುತ್ತಲೇ ಇರುತ್ತದೆ, ಗೋಧಿಯ ನಡುವೆ, ಆಕಾಶದ ತನಕ.

ಹಳೆಯ ಚರ್ಚಿನ ಬೇಲಿಯ ಹಿಂದೆ ಕಾರು ನಿಲ್ಲಿಸಿ
ಫ್ಲಾಸ್ಕನ್ನು ತೊಡೆಗಳ ನಡುವೆ ಸಿಕ್ಕಿಸಿಕೊಂಡು
ರಾಡಾರನ್ನು ರಸ್ತೆಗೆ ಒಡ್ಡಿ ಕೂರುತ್ತಿದ್ದೆ.
ಎಂಬತ್ತೆರಡನೇ ಇಸವಿ. ನೌಕರಿಗೆ ಸೇರಿ ಹದಿನಾಲ್ಕು ತಿಂಗಳು.
ಇಡೀ ಠಾಣೆಗೆ ನಾನೊಬ್ಬಳೇ ಹೆಂಗಸು;
ಅದಕ್ಕೇ ನನ್ನ ಚೀಟಿಗಳಲ್ಲಿ ಒಂದಕ್ಷರ ತಪ್ಪಿರುತ್ತಿರಲಿಲ್ಲ.

ವಾಸಿಲ್ ಪಿಡ್ಲುಬ್ನಿಯ ಪಿಕಪ್ಪು ಬಂತು,
ಬಳಿದ ಬಣ್ಣ ಯಾವುದು ತುಕ್ಕು ಯಾವುದು ತಿಳಿಯದಂಥದ್ದು,
ಹಿಂದೆ ಎರಡು ಹಂದಿಮರಿ, ಮೇಲೆ ಬಾರುಕೋಲಿನಂಥ ಆಂಟೆನಾ.
ಕೆಂಪು ಅಂಕಿ ಹೊತ್ತಿಕೊಂಡಿತು: ನೂರಾ ಇಪ್ಪತ್ತೇಳು.

"ಇದನ್ನು ಬೆಟ್ಟದ ಮೇಲಿಂದ ತಳ್ಳಿದರೂ
ಅಷ್ಟು ಓಡದು, ಮಗೂ. ಇಲ್ಲಿ ಬೆಟ್ಟವೂ ಇಲ್ಲ" ಎಂದ.
ಕೈಯಲ್ಲಿ ಇನ್ನೂ ಮೈಕು. ಆ ಕಡೆಯಿಂದ ಯಾರೋ
ಬಾರ್ಲಿಯ ತೇವದ ಲೆಕ್ಕ ಒಪ್ಪಿಸುತ್ತಲೇ ಇದ್ದರು.
ನಾನು ಮೈಕನ್ನು ನೋಡಿದೆ. ನೋಡಿದ್ದು ಅಷ್ಟೆ.
ಅಂಕಿಯನ್ನು ನೋಡಿದೆ. ನಂಬಿದೆ.

ಕೋರ್ಟು ತಿಂಗಳಿಗೊಮ್ಮೆ, ಮಾಜಿ ಸೈನಿಕರ ಹಾಲಿನಲ್ಲಿ,
ಬಿಂಗೊ ಹಲಗೆಗೆ ಬಟ್ಟೆ ಹೊದಿಸಿ.
"ಯಂತ್ರಕ್ಕೆ ನಿನ್ನ ಮೇಲೇನು ಹಗೆ?" ಎಂದರು ನ್ಯಾಯಾಧೀಶರು.
ಜನ ನಕ್ಕರು. ವಾಸಿಲನೂ ನಕ್ಕ.
ನಲವತ್ತು ಡಾಲರು ಎಣಿಸಿಟ್ಟ,
ಒಂದೊಂದೇ ನೋಟಿನ ಮೂಲೆಯ ಮಡಿಕೆ ಬಿಡಿಸಿ.

ಅಕ್ಟೋಬರಿನ ಒಂದಿರುಳು,
ಮೊದಲ ಹಿಮ ಬೀಳಲೋ ಬೇಡವೋ ಎನ್ನುತ್ತಿದ್ದಾಗ,
ಎದುರು ಯಾರೂ ಇಲ್ಲ. ನಾಯಿಯಿಲ್ಲ, ನರಿಯಿಲ್ಲ.
ಠಾಣೆಗೆ ತಿಳಿಸಲು ಗುಂಡಿ ಒತ್ತಿದೆ:
"ಇಲ್ಲಿ ಎಲ್ಲ ಶಾಂತ."
ಶಾಂತ ಎಂಬ ಮಾತು
ಗಂಟೆಗೆ ತೊಂಬತ್ತೊಂದು ಕಿಲೋಮೀಟರಿನಲ್ಲಿ ಹೋಯಿತು.

ಮತ್ತೆ ಒತ್ತಿದೆ. ಮಾತಾಡಲಿಲ್ಲ, ಬರಿದೇ ಉಸಿರಾಡಿದೆ. ಮೂವತ್ತೆಂಟು.
ಕೆಮ್ಮಿದೆ. ನೂರಾ ಹತ್ತು.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತಾರಲ್ಲ;
ಭಾನುವಾರ ಸಮವಸ್ತ್ರ ಕಳಚಿಟ್ಟು ಅವನ ಬಾಗಿಲು ತಟ್ಟಿದೆ.
ಬೀಟ್ರೂಟಿನ ಸಾರು ಕುಡಿಯದೆ ಮಾತೇ ಇಲ್ಲವೆಂದ.
ಆಮೇಲೆ ರೈಲುಹಳಿಯ ಪಕ್ಕ, ಧಾನ್ಯದ ಗೋಪುರದ ಎದುರು ನಿಂತೆವು.
ಮರದ್ದು, ಎಂಟು ಮಹಡಿಯೆತ್ತರ,
ಇಪ್ಪತ್ತೊಂಬತ್ತನೇ ಇಸವಿಯಿಂದ ಕದಲಿದ್ದಿಲ್ಲ.

ನಾನು ರಾಡಾರು ಎತ್ತಿ ಹಿಡಿದೆ.
ಅವನು ಮೈಕನ್ನು ಬಾಯಿಗೆ ತಂದು, ಏನು ಮಾತಾಡುವುದೆಂದು ತೋಚದೆ,
ಸಿಳ್ಳೆ ಹಾಕಿದ. ಹುಲ್ಲುಗಾವಲಿನ ಹಕ್ಕಿಯೊಂದು
ಬೇಲಿಗೂಟದ ಮೇಲೆ ಕೂತು ಕರೆಯುವ ಸಿಳ್ಳೆ.
ಗೋಪುರ ಅರವತ್ತಕ್ಕೆ ಏರಿತು. ಎಂಬತ್ತನಾಲ್ಕು.
ಸ್ವರ ಇಳಿದಲ್ಲಿ ಬ್ರೇಕು ಒತ್ತಿದಂತೆ ನಿಧಾನಿಸಿತು,
ಕೊನೆಯ ಎಳೆತಕ್ಕೆ ನೂರಾ ಮೂರು,
ಹೊಟ್ಟೆ ತುಂಬ ಗೋಧಿ ಹೊತ್ತುಕೊಂಡು.

ವಾಸಿಲ್ ಟೊಪ್ಪಿಗೆಯಿಂದ ಕಣ್ಣೊರೆಸಿಕೊಂಡು ನಕ್ಕ.
"ಇದಕ್ಕೊಂದು ಚೀಟಿ ಹರಿ" ಎಂದ.
ನನಗೂ ನಗು ಬಂತು, ಅರ್ಧಕ್ಕೆ ನಿಂತಿತು.

ಅಂದು ರಾತ್ರಿ ಚೀಟಿಗಳ ಪ್ರತಿ ಹರಡಿಕೊಂಡು ಕೂತೆ. ಮುನ್ನೂರ ಹನ್ನೆರಡು.
ಗಂಟೆ, ನಿಮಿಷ, ಕಾರಿನ ಬಣ್ಣ, ಮೋಡವಿತ್ತೇ ಇಲ್ಲವೇ.
ನನ್ನ ಹೆಬ್ಬೆರಳು ಆಗ ಎಲ್ಲಿತ್ತು ಎಂಬುದಕ್ಕೆ ಮಾತ್ರ
ಖಾನೆ ಇಲ್ಲ.
ಲವೋನ್ ಟೆಸಿಯೇ, ರಾತ್ರಿಪಾಳಿಯ ದಾದಿ, ನೂರಾ ಹದಿನೆಂಟು;
ಅವಳಿಗದು ಮೂರನೆಯದು. ಲೈಸೆನ್ಸು ಹೋಯಿತು.
ಆಸ್ಪತ್ರೆಗೆ ಅರವತ್ತು ಕಿಲೋಮೀಟರು, ಬಸ್ಸಿಲ್ಲ.
ವಾದಿಸಿರಲಿಲ್ಲ ಅವಳು. "ಇರಬಹುದು, ಸುಸ್ತಾಗಿತ್ತು" ಎಂದಿದ್ದಳು.
ಇರಬಹುದು.

ಸಾರ್ಜೆಂಟರಿಗೆ ನಾಲ್ಕು ಪುಟ ಬರೆದುಕೊಟ್ಟೆ.
ಓದಿ, ಮಡಿಸಿ, ಡ್ರಾಯರಿನಲ್ಲಿಟ್ಟು,
"ಇನ್ನು ಮೇಲೆ ಒಂದು ಸಲಕ್ಕೆ ಒಂದೇ ಕೆಲಸ ಮಾಡು" ಎಂದರು.

ಚಳಿಗಾಲವಿಡೀ ವಾಸಿಲ್ ಚರ್ಚು ಹತ್ತಿರವಾದಂತೆ
ಮೈಕು ಕೆಳಗಿಟ್ಟು, ಎರಡೂ ಅಂಗೈ
ನನಗೆ ಕಾಣುವ ಹಾಗೆ ಸ್ಟಿಯರಿಂಗಿನ ಮೇಲೆ ಬಿಡಿಸಿ ಹಿಡಿದು ಹೋಗುತ್ತಿದ್ದ.
ಅರವತ್ತೆಂಟು. ಪ್ರತಿ ಸಲವೂ ಅರವತ್ತೆಂಟು.
ಹಿಂದೆ ಹಂದಿಗಳು ದೊಡ್ಡವಾಗಿದ್ದವು.