ಸೆಕೆಂಡಿಗೆ ಏಳು

ಕೌಲ್ ಬಜಾರಿನ ನಮ್ಮ ಗಲ್ಲಿಯಲ್ಲಿ
ಹುಲಿಗೆಮ್ಮ ಅತ್ತೆಯ ಜೂಕಿ ಮಿಷಿನ್ನು
ಸೆಕೆಂಡಿಗೆ ಎಪ್ಪತ್ತು ಹೊಲಿಗೆ ಹಾಕುತ್ತದೆ.
ನಾನು ಎಣಿಸಿದ್ದಲ್ಲ,
ಮಾರಿದವನು ಬಾಯಿಮಾತಿಗೆ ಹೇಳಿದ್ದು.

ಅವಳ ಬೆನ್ನ ಹಿಂದೆ, ಜಿಪ್ಪಿನ ಚೀಲಗಳ ಸಂದಿಯಲ್ಲಿ
ನನ್ನ ಹಳೇ ಕಂಪ್ಯೂಟರು.
ಮುಚ್ಚಳ ಬಿಚ್ಚಿಟ್ಟಿದ್ದೇನೆ. ಏಪ್ರಿಲ್ ತಿಂಗಳು,
ಇದ್ದೊಂದು ಟೇಬಲ್ ಫ್ಯಾನು ಅದರ ಕಡೆಗೇ ತಿರುಗಿದೆ.
ಅದಕ್ಕೇ ಬೈಗುಳ.

"ಏನ್ ಮಾಡ್ತೈತೋ ಎರ್ರಿಸ್ವಾಮಿ ಅದು, ರಾತ್ರಿಯೆಲ್ಲ?"
"ಲೆಕ್ಕ ನೋಡ್ತೈತಿ."
"ಯಾರ ಲೆಕ್ಕ?"
"ಎಲ್ಲರದು. ಸಾಹುಕಾರ ಇಲ್ಲ, ಬ್ಯಾಂಕ್ ಇಲ್ಲ.
ನನ್ನಂಥೋರು ಸಾವಿರಾರು ಮಂದಿ
ಅದೇ ವಹಿ ಅವರವರ ಮನಿಯಾಗ ಇಟ್ಕೊಂಡು
ಒಂದೊಂದು ಸಾಲೂ ಪರೀಕ್ಷೆ ಮಾಡ್ತೀವಿ."
"ಸೆಕೆಂಡಿಗೆ ಎಷ್ಟು?"

ಪೀಸ್ ಲೆಕ್ಕದ ಹೆಂಗಸು,
ಇದನ್ನೇ ಕೇಳುತ್ತಾಳೆಂದು ನನಗೆ ಗೊತ್ತಿರಬೇಕಿತ್ತು.
"ಏಳು."
ಮಿಷಿನ್ನು ನಿಂತಿತು.
"ಏಳು ಸಾವಿರ?"
"ಏಳು."
"ಇಡೀ ಲೋಕಕ್ಕಾ?"
ಆಮೇಲೆ ಅವಳು ನಕ್ಕಿದ್ದು
ಎರಡು ಗೋಡೆ ಆಚೆ ಕಾಜಾ ಹಾಕುವ ಖಾಜಾಬನಿಗೂ ಕೇಳಿಸಿತು.

ಮುಖ ಬಿಸಿಯಾಯಿತು. ಹೇಳಿದೆ:
ಹತ್ತು ನಿಮಿಷಕ್ಕೊಂದು ಕಟ್ಟು ಬರುತ್ತದೆ.
ಹಿಡಿಸಿದಷ್ಟು ಒಳಗೆ, ಮಿಕ್ಕಿದ್ದು ಹೊರಗೆ ಕಾಯುತ್ತದೆ,
ಹೆಚ್ಚಿಗೆ ಕೂಲಿ ಕೊಟ್ಟವನದು ಮೊದಲು ಹತ್ತುತ್ತದೆ.
"ಕಟ್ಟು ದೊಡ್ಡದು ಮಾಡ್ರಲ್ಲ ಮತ್ತೆ."
ಇದೊಂದೇ ಮಾತಿಗೆ ಜನ ವರ್ಷಗಟ್ಟಲೆ ಜಗಳಾಡಿ
ಒಂದು ನಾಣ್ಯ ಎರಡಾಯಿತು ಅತ್ತೆ, ಅಂದೆ.

ಅವಳು ಕತ್ತು ಸವರಿಕೊಂಡಳು.
ಯೂನಿಟ್ಟಿನವರು ಹನ್ನೆರಡು ಪ್ಯಾಂಟಿನ ಕಟ್ಟನ್ನು
ನೂರು ಪ್ಯಾಂಟಿಗೆ ಏರಿಸಿದ ವರ್ಷ
ತಲೆಮೇಲೆ ಹೊತ್ತು ತರುತ್ತಿದ್ದವರೆಲ್ಲ ಬಿಟ್ಟುಹೋದರು.
ಟಾಟಾ ಏಸ್ ಇದ್ದವರು ಉಳಿದರು.
ಹದಿನಾಲ್ಕು ಮನೆಯ ಮಿಷಿನ್ನು ಮೂರು ಮನೆಗೆ ಬಂತು.
ಕೆಲಸ ಬೇಗ ಆಗುತ್ತಿತ್ತು, ಸುಳ್ಳಲ್ಲ.
ಆದರೆ ಎಣಿಕೆ ಅವರದೇ, ಚೀಟಿ ಅವರದೇ,
ಎಂಬತ್ತೆಂಟನ್ನು ಎಂಬತ್ತು ಎಂದರೆ
"ಅಲ್ಲ, ನನ್ನ ಹತ್ರಾನೂ ಬರದೈತಿ" ಅನ್ನಲು
ಯಾರೂ ಇರಲಿಲ್ಲ.

ಇದನ್ನು ಅವಳು ಹೇಳಲಿಲ್ಲ. ನಾನೂ ಹೇಳಲಿಲ್ಲ.
ಬಾಗಿಲ ಚೌಕಟ್ಟಿನ ಕಡೆ ಕೈ ತೋರಿಸಿದೆ.

ಅಲ್ಲಿ ಸುಣ್ಣದಕಡ್ಡಿಯ ಗೆರೆಗಳು.
ಖಾಜಾಬನಿ ಒಂದು ಡಜನ್ ಕಾಜಾ ಹಾಕಿದರೆ ಒಂದು ಗೆರೆ,
ಅವಳು ಸಕ್ಕರೆಯೋ ಸೀಮೆಎಣ್ಣೆಯೋ ಒಯ್ದರೆ ಒಂದು ಅಳಿಸು.
ಅವಳ ಬಾಗಿಲಿಗೂ ಅಷ್ಟೇ ಗೆರೆ.
ವಾರವೆಲ್ಲ ಅತ್ತಿತ್ತ, ನಯಾಪೈಸೆ ಕದಲುವುದಿಲ್ಲ.
ಶನಿವಾರ ಒಂದೇ ಸಲ ನೋಟು ಎಣಿಸುತ್ತಾರೆ.
"ಈಗ ಅವ್ರೂ ಇದನ್ನೇ ಕಲೀತಿದಾರೆ ಅತ್ತೆ.
ಚಿಲ್ಲರೆಯೆಲ್ಲ ಇಬ್ಬಿಬ್ಬರ ನಡುವೆ,
ದೊಡ್ಡ ವಹಿಗೆ ಕೊನೇ ಮೊತ್ತ ಮಾತ್ರ."

"ಹಳೇ ಗೆರೆ ತೋರಿಸಿ ಟೋಪಿ ಹಾಕಿದ್ರೆ?"
"ಇಬ್ರೂ ಮೊದಲೇ ಡಬ್ಬಿಗೆ ಹಣ ಹಾಕಿರ್ತಾರೆ.
ಹಂಗೆ ಮಾಡಿ ಸಿಕ್ಕಿಬಿದ್ದೋನ ಪಾಲೂ ನಿನಗೇ."
ಬಹಳ ಹೊತ್ತು ಯೋಚಿಸಿದಳು.
ನೀಲಿ ಹತ್ತಿದ ಹೆಬ್ಬೆರಳಿಂದ ದಾರ ಹರಿದಳು.
"ಚಲೋ ಐತಿ," ಅಂದಳು.
"ಆದ್ರ ಅವ ತೋರ್ಸೋ ಹೊತ್ತಿಗೆ
ನಾನು ಎಚ್ಚರ ಇರಬೇಕಲ್ಲೋ."

ಅಷ್ಟರಲ್ಲಿ ಕರೆಂಟು ಹೋಯಿತು.

ಫ್ಯಾನು ಸುಮ್ಮನೆ ಎರಡು ಸುತ್ತು ತಿರುಗಿತು.
ಎಪ್ಪತ್ತೂ ನಿಂತಿತು, ಏಳೂ ನಿಂತಿತು.
ಏಳು ಇಲ್ಲಿ ಮಾತ್ರ ನಿಂತದ್ದು;
ಎಲ್ಲೆಲ್ಲೋ, ಯಾರ್ಯಾರದೋ ಮನೆಯಲ್ಲಿ ನಡೆದೇ ಇರುತ್ತದೆ,
ಬೆಳಕು ಬಂದ ಮೇಲೆ ನನ್ನದು
ತಪ್ಪಿದ್ದನ್ನೆಲ್ಲ ಕೇಳಿಕೊಂಡು ಬರೆದುಕೊಳ್ಳುತ್ತದೆ,
ನಾಪಾಸಾಗಿ ಮತ್ತೆ ಶಾಲೆಗೆ ಬಂದ ಹುಡುಗನ ಹಾಗೆ.

ಕತ್ತಲಲ್ಲಿ, ಗೋಡೆಯಾಚೆಯಿಂದ:
"ಹುಲಿಗೆಮ್ಮಾ, ಇವತ್ತಿಗೆ ಎಷ್ಟಾದ್ವು?"
"ಹದಿನೆಂಟು."
ಸ್ವಲ್ಪ ಹೊತ್ತು ನಾಯಿ ಬೊಗಳಿದ್ದು ಬಿಟ್ಟರೆ ಏನೂ ಇಲ್ಲ.
"ಹತ್ತೊಂಬತ್ತಲ್ವಾ?"

ಅತ್ತೆ ಚೌಕಟ್ಟಿನ ಮೇಲೆ ಬೆರಳಾಡಿಸುತ್ತಿದ್ದಾಳೆ,
ನನಗೆ ಕಾಣುವುದಿಲ್ಲ, ಉಜ್ಜುವ ಸದ್ದು ಕೇಳುತ್ತದೆ.
"ಏ, ಮುಟ್ಟಬ್ಯಾಡ, ಅಳಿಸಿಹೋದಾವು," ಎನ್ನುತ್ತೇನೆ.