ತೂಕದ ಮನೆಯ ಸ್ವಿಚ್ಚು

ಕಬ್ಬಿನ ಗಾಡಿಗಳು ಗೇಟು ದಾಟಿ ರಸ್ತೆವರೆಗೂ.
ತೂಕದ ಮನೆಯ ಗೋಡೆಗೆ ಜೇಡ ಕಟ್ಟಿದ ಪೆಟ್ಟಿಗೆ,
ಅದರೊಳಗೆ ಇಪ್ಪತ್ತನಾಲ್ಕು ಕಿಂಡಿಯ ಸ್ವಿಚ್ಚು
ಹಸಿರು ಮಿಣುಕುತ್ತ ಹೇಳುತ್ತದೆ:
ಇವತ್ತು ತೊಂಬತ್ತಮೂರನೇ ಇಸವಿ, ಮಾರ್ಚ್ ಒಂದು.

ಯಾರ ಗಾಡಿ ಮೊದಲು ಬಂತೆಂಬ ಜಗಳಕ್ಕೆ
ಇದರ ಸಾಕ್ಷಿ ನಡೆಯುವುದಿಲ್ಲ.

ಬರೆದೆ: ಗಂಟೆ ಎಷ್ಟೆಂದು ಆಫೀಸಿನ ಸರ್ವರನ್ನು ಕೇಳು.
ಅದು ತನ್ನ ಮೇಲಿನದನ್ನು ಕೇಳುತ್ತದೆ,
ಅದು ಇನ್ನೂ ಮೇಲಿನದನ್ನು.
(ಹಿಂದೆ ಸೈರನ್ ಕೂಗಿದರೆ ಗುತ್ತಲು ರಸ್ತೆಯೇ
ವಾಚು ತಿದ್ದಿಕೊಳ್ಳುತ್ತಿತ್ತಂತೆ.
ಸೈರನ್ ಯಾರನ್ನು ಕೇಳುತ್ತಿತ್ತೋ.)
ಐದೂವರೆ ಗಂಟೆ ಕೂಡಿಸಿದೆ, ನಮ್ಮ ಪಾಲಿನದು.

ಆಮೇಲೆ ಪಟ್ಟಿ, ಒಳಗೆ ಬರಬಹುದಾದವರದು:
ಆಫೀಸಿನ ಎರಡು ವಿಳಾಸ, ಲ್ಯಾಬಿನದೊಂದು.
ಮಿಕ್ಕವರಿಗೆ ಇಲ್ಲ ಎಂದು ಬರೆಯಬೇಕಿಲ್ಲ,
ಆ 'ಇಲ್ಲ' ಕೊನೆಯ ಸಾಲಿನಡಿ ಕಾಣದ ಹಾಗೆ ಕೂತೇ ಇರುತ್ತದೆ.
ಎಂಟರ್ ಒತ್ತಿದೆ.
ಕರ್ಸರ್ ನಿಂತಿತು.
ನನ್ನ ವಿಳಾಸವನ್ನೇ ಮರೆತಿದ್ದೆ.

ಸೇವ್ ಮಾಡಿರಲಿಲ್ಲ, ಪುಣ್ಯ.
ವೈರು ಕಿತ್ತು ಮತ್ತೆ ಚುಚ್ಚಿದೆ.
ಪಟ್ಟಿ ಹೋಯಿತು, ಗಂಟೆಯೂ ಹೋಯಿತು,
ಮತ್ತದೇ ಮಾರ್ಚ್ ಒಂದು.

ತೂಕದ ಗುಮಾಸ್ತ ಚಿಕ್ಕಮರಿಯಯ್ಯ
ಹೆಗಲ ಮೇಲಿಂದ ಇಣುಕಿ ನಕ್ಕರು:
"ತೊಂಬತ್ಮೂರಾ? ಆಗ ನಾನು ಟೆಂಪ್ರವರಿ ಕಣವ್ವಾ.
ಪಟ್ಟೀಲಿ ಹೆಸ್ರಿಲ್ಲ ಅಂತ
ಇದೇ ಗೇಟ್ನಲ್ಲಿ ಮೂರು ದಿನ ನಿಲ್ಸಿದ್ರು."

ಈ ಸಲ ಮೊದಲ ಸಾಲು ನನ್ನದು.
ಗಂಟೆ ಬಂದು ಕೂರಲು ಐದಾರು ನಿಮಿಷ ಬೇಕು.
ಅಷ್ಟರಲ್ಲಿ ಅವರು ಹೊಸ್ತಿಲಾಚೆ ನಿಂತು
ಬೀಡಿ ಹಚ್ಚಿದರು,
ಒಳಗೆ ಸೇದುವ ಹಾಗಿಲ್ಲ.